ಫಿರ್ನೋಕ್ ಕೋಲಿನ ಗಿರಾಕಿಗಳು

ರಿಯಾದಿನಲ್ಲಿ ನಾನು ಹಿಮದ ಮೇಲೆ ಜಾರುವವರ ಕೋಲು ಮಾರುತ್ತಿದ್ದೆ ಎಂದರೆ ನಮ್ಮೂರು ಉಚ್ಚಿಲದಲ್ಲಿ ಯಾರೂ ನಂಬುವುದಿಲ್ಲ. ಮೊನ್ನೆ ಮೀನು ಮಾರ್ಕೆಟಿನ ಹತ್ತಿರ ಶಾಲೆಯ ಗೆಳೆಯನೊಬ್ಬ ಸಿಕ್ಕಿ, "ಗಲ್ಫಿನಲ್ಲಿ ಎಂತ ಕೆಲಸ ಮಾಡಿದ್ದು ನೀನು?" ಎಂದು ಕೇಳಿದ. ಹೇಳಿದೆ. ಅವನು "ಹೇಳ್ಲಿಕ್ಕೆ ಮನಸ್ಸಿಲ್ಲದಿದ್ರೆ ಬೇಡ ಮಾರಾಯ" ಎಂದು ಬಂಗುಡೆಯ ಚೀಲ ಹಿಡಿದುಕೊಂಡು ಹೋದ.

ಅದಕ್ಕೇ ಬರೆದಿಡುತ್ತಿದ್ದೇನೆ. ನಮ್ಮ ಕಡೆಯ ಹುಡುಗರು ಈಗಲೂ ಅಲ್ಲಿಯ ಮಾಲುಗಳಿಗೆ ಸೇಲ್ಸ್‌ಮನ್ ಕೆಲಸಕ್ಕೆ ಹೋಗುತ್ತಾರೆ. ಅವರಿಗೆ ಕಂಪನಿಯವರು ಟ್ರೇನಿಂಗ್ ಕೊಡುತ್ತಾರಂತೆ, ಗಿರಾಕಿಯ ಮುಂದೆ ಎಷ್ಟು ನಗಬೇಕು ಎಂದೂ ಹೇಳಿಕೊಡುತ್ತಾರಂತೆ. ನಮಗೆ ಹೇಳಿಕೊಡುವವರು ಯಾರೂ ಇರಲಿಲ್ಲ, ನಗುವವರೂ ಇರಲಿಲ್ಲ. ನಾನು ಸೇಲ್ಸ್‌ಮನ್ ಆಗಿ ಸೇರಿದೆ, ಸೀನಿಯರ್ ಸೇಲ್ಸ್‌ಮನ್ ಆಗಿ ಹೊರಬಂದೆ. ಎರಡರ ನಡುವಿನ ವ್ಯತ್ಯಾಸ ಅಂಗಿಯ ಮೇಲೆ ಚುಚ್ಚುವ ಒಂದು ಬಿಲ್ಲೆ. ಆ ವಿಷಯ ಇಲ್ಲಿಗೆ ಮುಗಿಯಿತು.

ನಮ್ಮ ಅಂಗಡಿ ರಿಯಾದಿನ ಮಲಾಜ್ ಬಡಾವಣೆಯಲ್ಲಿತ್ತು. ಫುಟ್‌ಬಾಲ್, ಕೇರಂ ಬೋರ್ಡ್, ಬ್ಯಾಡ್ಮಿಂಟನ್ ರ್‍ಯಾಕೆಟ್, ಬಂಗಾಳಿಗಳಿಗೆ ಮತ್ತು ನಮ್ಮವರಿಗೆ ಕ್ರಿಕೆಟ್ ಬ್ಯಾಟು, ಇವೇ ನಮ್ಮ ವ್ಯಾಪಾರ. ಮ್ಯಾನೇಜರ್ ಭಟ್ಕಳದ ಮುಹಿದ್ದೀನ್ ಸಾಹೇಬರು. ಅವರಿಗೆ ಬ್ಯಾರಿ ಭಾಷೆ ಬಾರದು, ನನಗೆ ಅವರ ಮನೆಮಾತು ನವಾಯಿತಿ ಬಾರದು. ಹಾಗಾಗಿ ರಿಯಾದಿನ ಆ ಬೀದಿಯಲ್ಲಿ ಇಡೀ ದಿನ ಕನ್ನಡ ಕೇಳುತ್ತಿದ್ದ ಅಂಗಡಿ ನಮ್ಮದೊಂದೇ. ಸಾಹೇಬರ ಮನೆತನವೇ ವ್ಯಾಪಾರದ್ದು. ಅವರು ಗಿರಾಕಿಯ ಚಪ್ಪಲಿ ನೋಡಿ ಅವನು ಕೊಳ್ಳುವವನೋ, ಎಸಿಯ ಗಾಳಿಗೆ ಒಳಗೆ ಬಂದವನೋ ಹೇಳುತ್ತಿದ್ದರು. ಅರ್ಧಕ್ಕರ್ಧ ತಪ್ಪುತ್ತಿತ್ತು, ಆದರೆ ಹೇಳುವುದನ್ನು ಅವರು ಬಿಡಲಿಲ್ಲ.

ಹಿಮದ ಸಾಮಾನು ಬಂದದ್ದು ನಮ್ಮ ಕಫೀಲರಿಂದ, ಅಂದರೆ ಅಂಗಡಿಯ ಸೌದಿ ಮಾಲೀಕರಿಂದ. ಅವರು ಒಂದು ಚಳಿಗಾಲ ಮಕ್ಕಳ ಜೊತೆ ಲೆಬನಾನಿನ ಬೆಟ್ಟಕ್ಕೆ ಹೋಗಿ, ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು, ತುಂಬಾ ಸಂತೋಷದಿಂದ ವಾಪಸು ಬಂದರು. ಇನ್ನು ರಿಯಾದಿನವರೆಲ್ಲ ಹಿಮದಲ್ಲಿ ಜಾರುತ್ತಾರೆ ಎಂದು ಅವರಿಗೆ ಖಾತ್ರಿಯಾಗಿತ್ತು. ಯುರೋಪಿನ ಯಾವುದೋ ಚಳಿ ಊರಿನಿಂದ ಒಂದು ಕಂಟೇನರ್ ಸಾಮಾನು ಇಳಿಯಿತು. ಹಲಗೆ, ಬೂಟು, ಕನ್ನಡಕ, ಕೈಗವಸು, ಕೋಲು.

ರಿಯಾದಿನವರು ಜಾರಲಿಲ್ಲ. ಉದ್ದುದ್ದ ಹಲಗೆಗಳನ್ನು ಕೊನೆಗೆ ನಾವೇ ಗೋಡೆಗೆ ಮೊಳೆ ಹೊಡೆದು ಶೂ ಇಡುವ ಸ್ಟ್ಯಾಂಡ್ ಮಾಡಿದೆವು. ಕೈಗವಸುಗಳನ್ನು ಫ್ರೋಜನ್ ಕೋಳಿ ಗೋದಾಮಿನ ಕೆಲಸಗಾರರು ಒಯ್ದರು. ಕನ್ನಡಕಗಳನ್ನು ಬೈಕಿನಲ್ಲಿ ಊಟ ತಲುಪಿಸುವವರು ಧೂಳಿನ ಗಾಳಿಗೆಂದು ಒಯ್ದರು. ಉಳಿದದ್ದು ಕೋಲು. ಹಳದಿ ಬಣ್ಣದ ಅಲ್ಯೂಮಿನಿಯಂ ಕೋಲು, ಮೇಲೆ ಕಾರ್ಕಿನ, ಅಂದರೆ ಬಾಟಲಿಯ ಬಿರಡೆ ಮಾಡುವ ಮರದ ಹಿಡಿ, ಕೆಳಗೆ ಉಕ್ಕಿನ ಮೊನೆ, ಮೊನೆಯ ಸ್ವಲ್ಪ ಮೇಲೆ ಸಾಸರಿನಷ್ಟು ಅಗಲದ ಹಳದಿ ತಟ್ಟೆ. ಹಿಡಿಯ ಮೇಲೆ ಕಂಪನಿಯ ಹೆಸರು ಸುಟ್ಟು ಒತ್ತಿದ್ದರು: ಫಿರ್ನೋಕ್.

ಅಂಗಡಿಯ ಮೂಲೆಯಲ್ಲಿ ಒಂದು ಡಬ್ಬದಲ್ಲಿ ಅವು ನಿಂತಿದ್ದವು. ಒಂದು ದಿನ ಒಬ್ಬರು ಹಿರಿಯರು ಮೊಮ್ಮಗನಿಗೆ ಫುಟ್‌ಬಾಲ್ ಕೊಳ್ಳಲು ಬಂದರು. ಎತ್ತರದ ಆಳು, ಬಿಳಿ ಗಡ್ಡ, ಬಲಗಾಲು ಸ್ವಲ್ಪ ಎಳೆಯುತ್ತಿದ್ದರು. ಸರ್ಕಾರಿ ಶಾಲೆಯಲ್ಲಿ ಭೂಗೋಳ ಕಲಿಸಿ ನಿವೃತ್ತರಾದವರು ಎಂದು ಆಮೇಲೆ ತಿಳಿಯಿತು. ಅಲ್ಲಿಯ ಪದ್ಧತಿಯಂತೆ ದೊಡ್ಡ ಮಗನ ಹೆಸರಿನಿಂದ ಅವರನ್ನು ಅಬು ಸಾಲಿಹ್ ಎಂದು ಕರೆಯುತ್ತಿದ್ದರು. ಮುಹಿದ್ದೀನ್ ಸಾಹೇಬರು ಬಿಲ್ಲು ಬರೆಯುವಷ್ಟರಲ್ಲಿ ಅವರು ಒಂದು ಕೋಲು ಎತ್ತಿಕೊಂಡು ಬಾಗಿಲವರೆಗೆ ನಡೆದರು, ತಿರುಗಿ ಬಂದರು, ಮತ್ತೆ ಬಾಗಿಲವರೆಗೆ ನಡೆದರು.

"ಇದೊಂದು ಕೊಡಿ."

"ಜೋಡಿಯಲ್ಲೇ ಕೊಡುವುದು, ಒಂದು ಕೊಡುವುದಿಲ್ಲ" ಎಂದರು ಸಾಹೇಬರು.

"ನನಗೆ ಎರಡು ಕಾಲು ಇವೆ. ಮೂರನೆಯದು ಬೇಕಾಗಿದೆ. ನಾಲ್ಕನೆಯದನ್ನು ತೆಗೆದುಕೊಂಡು ನಾನು ಏನು ಮಾಡಲಿ?"

ಸಾಹೇಬರು ಯೋಚಿಸಿದರು. ಜೋಡಿ ಒಡೆಯಬಾರದು ಎನ್ನುವುದು ವ್ಯಾಪಾರದಲ್ಲಿ ಅವರಿಗೆ ಧರ್ಮದಷ್ಟೇ ದೊಡ್ಡದು. ಆದರೆ ಜೋಡಿಗಳು ಡಬ್ಬದಲ್ಲಿ ಧೂಳು ತಿನ್ನುತ್ತಿದ್ದದ್ದು ಅದಕ್ಕಿಂತ ದೊಡ್ಡದು. "ಕೊಡಿ" ಎಂದು ನನ್ನ ಕಡೆ ತಿರುಗಿ ಕನ್ನಡದಲ್ಲಿ, "ಇನ್ನೊಂದು ಕಾಲಿನವರು ಯಾರಾದ್ರೂ ಬರ್ತಾರೆ" ಎಂದರು.

ಬಂದರು. ಮುಂದಿನ ವಾರ ಅಬು ಸಾಲಿಹರ ಗೆಳೆಯರು ಒಬ್ಬೊಬ್ಬರಾಗಿ ಬಂದರು. ಅವರದೊಂದು ಗುಂಪಿತ್ತು. ಚಳಿಗಾಲದ ಶುಕ್ರವಾರಗಳಲ್ಲಿ ಬೆಳಿಗ್ಗೆ ಊರ ಹೊರಗಿನ ಕೆಂಪು ಮರಳಿನ ದಿಬ್ಬಕ್ಕೆ ಹೋಗುವುದು, ಏರುವುದು, ಮೇಲೆ ಕುಳಿತು ಫ್ಲಾಸ್ಕಿನ ಕಾಫಿ ಕುಡಿಯುವುದು, ಇಳಿಯುವುದು. ಮರದ ಊರುಗೋಲು ಮರಳಿನಲ್ಲಿ ಮೊಳದಷ್ಟು ಇಳಿದುಬಿಡುತ್ತದೆ. ಈ ಕೋಲನ್ನು ತಟ್ಟೆ ತಡೆಯುತ್ತಿತ್ತು. ಬಿರಡೆಯ ಹಿಡಿ ಬಿಸಿಲಿಗೆ ಸುಡುತ್ತಿರಲಿಲ್ಲ, ಬೆವರಿಗೆ ಅಂಟುತ್ತಿರಲಿಲ್ಲ. ಹಿಮಕ್ಕೆ ಮಾಡಿದ್ದು ಮರಳಿಗೆ ಇಷ್ಟು ಚೆನ್ನಾಗಿ ಹೊಂದುತ್ತದೆ ಎಂದು ಮಾಡಿದವರಿಗೇ ಗೊತ್ತಿರಲಿಕ್ಕಿಲ್ಲ.

ಆ ಮೇಲೆ ಚಳಿಗಾಲದ ಮಳೆಯ ನಂತರ ಮರುಭೂಮಿಯಲ್ಲಿ ಅಣಬೆಯಂಥ ಫಗಾ ಹುಡುಕಿ ಅಗೆಯುವವರು ಬಂದರು. ಒಂಟೆ ಸಾಕುವವರು ಬಂದರು. ಜಿಜಾನಿನ ಬೆಟ್ಟದ ಮೇಲಿನಿಂದ ಒಬ್ಬರು ಫೋನ್ ಮಾಡಿ ಒಂದು ಕೋಲು ತರಿಸಿಕೊಂಡರು. ಯಾರೂ ಫಿರ್ನೋಕ್ ಎನ್ನುತ್ತಿರಲಿಲ್ಲ. "ಅಸಾ ಅಸ್ಫರ್" ಎನ್ನುತ್ತಿದ್ದರು, ಹಳದಿ ಕೋಲು.

ಎಲ್ಲರೂ ಒಂದೊಂದೇ ಒಯ್ದರು. ಜೋಡಿ ಒಯ್ದವನು ನಮ್ಮವನೊಬ್ಬನೇ, ರಾಸ್ ತನೂರಾದ ರಿಫೈನರಿಯಲ್ಲಿದ್ದ ಪುತ್ತೂರಿನ ಹನೀಫ್. ಕ್ಯಾಂಪಿನಲ್ಲಿ ಬ್ಯಾಡ್ಮಿಂಟನ್ ನೆಟ್ ಕಟ್ಟಲು ಎಂದ. ಕಟ್ಟಿದ ಮೇಲೆ ನನಗೆ ಫೋನ್ ಮಾಡಿ, "ಇಸ್ಮಾಯಿಲಾಕ, ನೆಟ್ ಸೊಂಟಕ್ಕೆ ಬರ್ತದೆ" ಎಂದ. ಕೋಲಿನ ಎತ್ತರ ನೋಡಿಯೇ ಒಯ್ದದ್ದಲ್ಲವಾ ಎಂದು ಕೇಳಿದೆ. "ನೋಡಿದ್ದೆ, ಆದ್ರೆ ನೆಟ್ ಬಗ್ಗೆ ಯೋಚನೆ ಮಾಡ್ಲಿಲ್ಲ" ಎಂದ. ಅವರು ಆ ವರ್ಷವೆಲ್ಲ ಕೂತುಕೊಂಡು ಆಡಿದರೋ ಏನೋ ನನಗೆ ತಿಳಿಯದು.

ಮಾರುವುದರಲ್ಲಿ ನಾನು ಮಾಡಿದ ಮೂರ್ಖತನಗಳೂ ಇವೆ. ಶುರುವಿನಲ್ಲಿ ನಾನು ಪೆಟ್ಟಿಗೆಯ ಮೇಲೆ ಬರೆದದ್ದನ್ನೇ ಹೇಳುತ್ತಿದ್ದೆ. ಫಗಾ ಅಗೆಯುವ ಒಬ್ಬ ಬದುವಿಗೆ, ಅಂದರೆ ಮರುಭೂಮಿಯ ಅಲೆಮಾರಿಗೆ, "ಇದು ಎಂಥ ಹಿಮದಲ್ಲೂ ಹೂತುಹೋಗುವುದಿಲ್ಲ" ಎಂದೆ. "ನೀನು ಹಿಮ ನೋಡಿದ್ದೀಯಾ?" ಎಂದು ಅವನು ಕೇಳಿದ. ಇಲ್ಲ ಎಂದೆ. "ನಾನೂ ನೋಡಿಲ್ಲ" ಎಂದ. ನಾವಿಬ್ಬರೂ ಸ್ವಲ್ಪ ಹೊತ್ತು ಕೋಲು ನೋಡುತ್ತಾ ನಿಂತೆವು. ಅವನು ಕೊಂಡ. ಇನ್ನೊಬ್ಬರು ಉಕ್ಕಿನ ಮೊನೆಯೊಂದಿಗೇ ಮಾಲಿಗೆ ಹೋಗಿ ಅಮೃತಶಿಲೆಯ ನೆಲವನ್ನು ಗೀರಿ, ಅಲ್ಲಿಯ ಕಾವಲುಗಾರನನ್ನು ಕರೆದುಕೊಂಡೇ ನಮ್ಮ ಅಂಗಡಿಗೆ ಬಂದರು. ಕುರ್ಚಿಯ ಕಾಲಿಗೆ ಹಾಕುವ ರಬ್ಬರ್ ಬುಡ್ಡಿಗಳನ್ನು ಹಾರ್ಡ್‌ವೇರ್ ಅಂಗಡಿಯಿಂದ ತಂದು ಮೊನೆಗೆ ತೊಡಿಸಲು ಶುರುಮಾಡಿದ್ದು ಆವತ್ತಿನಿಂದ. ಕಾವಲುಗಾರ ಕೂಡ ತನ್ನ ಮಾವನಿಗೆಂದು ಒಂದು ಕೋಲು ಒಯ್ದ.

ಮೊನೆ ಸವೆದರೆ ಬದಲಿಸುವುದು, ತಟ್ಟೆ ಸೀಳಿದರೆ ಬೇರೆ ಹಾಕುವುದು, ಕೈಪಟ್ಟಿ ಹೊಲಿಯುವುದು ನನ್ನ ಕೆಲಸವಾಯಿತು. ಹಳದಿ ಕೋಲಿನವರು ಬಂದರೆ ಎಲ್ಲಿದ್ದರೂ ನನ್ನನ್ನು ಕರೆಯುತ್ತಿದ್ದರು. ಅದರಲ್ಲಿ ಅತಿ ಕಷ್ಟದ ಗಿರಾಕಿ ಅಬು ಮಾಜಿದ್. ಅಬು ಸಾಲಿಹರ ಶಾಲೆಯಲ್ಲೇ ಡ್ರಿಲ್ ಮಾಸ್ತರರಾಗಿದ್ದವರು, ಅವರ ಬಹಳ ಹಳೆಯ ಗೆಳೆಯ. ನಿವೃತ್ತರಾದ ಮೇಲೆ ಊರ ಹೊರಗೆ ಥುಮಾಮಾದ ಕಡೆ ಒಂಟೆ ಸಾಕಿಕೊಂಡು ಡೇರೆ ಹಾಕಿದ್ದರು. ಮೊದಲು ಶುಕ್ರವಾರದ ಗುಂಪಿನಲ್ಲಿ ಅವರೂ ಇದ್ದರು, ಒಂಟೆಗಳು ಹೆಚ್ಚಿದ ಮೇಲೆ ಬರುವುದು ನಿಂತಿತು. ಅವರ ಕೋಲಿನ ಮೇಲೆ ಒಂದು ಗೀರು ಇರಲಿಲ್ಲ. ಮೊನೆ ಬದಲಿಸುವಾಗ ಪಕ್ಕದಲ್ಲೇ ನಿಂತು, "ಇಕ್ಕಳದ ಕೆಳಗೆ ಬಟ್ಟೆ ಹಾಕು" ಎನ್ನುತ್ತಿದ್ದರು. ಬಟ್ಟೆ ಹಾಕಿಯೇ ಇರುತ್ತಿತ್ತು. "ಇನ್ನೊಂದು ಹಾಕು" ಎನ್ನುತ್ತಿದ್ದರು.

ಒಂದು ದಿನ ಕಂಪನಿಯಿಂದ ಇಮೇಲ್ ಬಂತು. ಫಿರ್ನೋಕ್ ಕೋಲನ್ನು ಇನ್ನು ಮಾಡುವುದಿಲ್ಲ, ಕಾರ್ಖಾನೆಯನ್ನು ಇನ್ನೊಂದು ಕಂಪನಿ ಕೊಂಡಿದೆ, ಗಿರಾಕಿಗಳು ಹೊಸ ಮಾಡೆಲನ್ನು ಖಂಡಿತ ಮೆಚ್ಚುತ್ತಾರೆ ಎಂದು. ಹೊಸ ಮಾಡೆಲ್ ಕಪ್ಪು ಬಣ್ಣದ್ದು, ಹಗುರ, ಒಂದರೊಳಗೊಂದು ಸೇರುವ ಎರಡು ತುಂಡು, ರಬ್ಬರ್ ಹಿಡಿ, ತಟ್ಟೆ ಒಂದು ರಿಯಾಲಿನ ನಾಣ್ಯಕ್ಕಿಂತ ಚೂರು ದೊಡ್ಡದು. ಹಳೆಯ ಗಿರಾಕಿಗಳು ಬಂದು ಎತ್ತಿ ನೋಡಿದರು. ಒಬ್ಬರು, "ಇದನ್ನು ಮಾಡಿದವನಿಗೆ ಕಾಲು ಇದೆಯೇ?" ಎಂದು ನಿಜವಾಗಿಯೂ ತಿಳಿದುಕೊಳ್ಳುವ ಆಸೆಯಿಂದಲೇ ಕೇಳಿದರು. ಇನ್ನೊಬ್ಬರು ಕಂಪನಿಗೆ ಕಾಗದ ಬರೆಯಲು ನನಗೆ ಅರಬಿಯಲ್ಲಿ ಹೇಳಿ ಬರೆಸಿದರು. ಅದರಲ್ಲಿ ಮೊದಲ ಅರ್ಧ ಕಂಪನಿಯವರ ಮನೆಮಂದಿಯ ಆರೋಗ್ಯ ವಿಚಾರಣೆಯೇ ಇತ್ತು. ಉತ್ತರ ಬರಲಿಲ್ಲ.

ಅದೇ ಸುಮಾರಿಗೆ ಅಂಗಡಿಗೆ ಕಂಪ್ಯೂಟರ್ ಬಿಲ್ಲಿಂಗ್ ಬಂತು. ಕೋಲಿನ ಬಾರ್‌ಕೋಡ್ ಓದಿದರೆ ಅದು ಜೋಡಿ ಎಂದೇ ತೋರಿಸುತ್ತಿತ್ತು. ಅರ್ಧ ಜೋಡಿ ಮಾರಲು ಅದು ಒಪ್ಪಲಿಲ್ಲ. ಸಾಹೇಬರು ಅದರ ಮುಂದೆ ಕುಳಿತು, "ಮೊದ್ಲಿಗೆ ನಾನೂ ಹೀಗೇ ಹೇಳ್ತಿದ್ದೆ" ಎಂದರು. ಕಂಪ್ಯೂಟರಿಗೆ ಅಬು ಸಾಲಿಹ್ ಸಿಗಲಿಲ್ಲವಲ್ಲ.

ಸಿಗದೆ ಇದ್ದದ್ದಕ್ಕೆ ಕಾರಣವಿತ್ತು. ಅವರು ಆಸ್ಪತ್ರೆಯಲ್ಲಿದ್ದರು. ಎರಡೂ ಮಂಡಿಗಳ ಆಪರೇಷನ್ ಆಯಿತು. ವೈದ್ಯರು, ನಡೆಯುವುದಾದರೆ ಎರಡು ಕೈಯಲ್ಲೂ ಆಧಾರ ಬೇಕು ಎಂದರಂತೆ. ಆಸ್ಪತ್ರೆಯವರು ಕೊಟ್ಟ ನಾಲ್ಕು ಕಾಲಿನ ವಾಕರನ್ನು ಅವರು ಮನೆಯ ಟೆರೇಸಿನಲ್ಲಿ ಇಟ್ಟರು. ಅದರ ಮೇಲೆ ಟವೆಲು ಒಣಗಿಸಲು ಅನುಕೂಲವಾಯಿತಂತೆ. ಮಗ ಸಾಲಿಹ್ ಒಂದು ಗಾಲಿಕುರ್ಚಿ ತಂದಿಟ್ಟಿದ್ದ. ಅದರಲ್ಲಿ ಅವರು ಕೂರಲಿಲ್ಲ. ಮನೆಯೊಳಗೆ ಗೋಡೆ ಹಿಡಿದು, ಮಸೀದಿಗೆ ಮಗನ ಹೆಗಲು ಹಿಡಿದು ನಡೆದರು. ಅವರಿಗೆ ಇನ್ನೂ ಬೇಕಾಗಿದ್ದದ್ದು ಒಂದೇ, ಶುಕ್ರವಾರದ ದಿಬ್ಬ. ಅದನ್ನು ಮಗನ ಹೆಗಲು ಹಿಡಿದು ಏರಲು ಮಾತ್ರ ಅವರು ಒಪ್ಪಲಿಲ್ಲ.

ಸಾಲಿಹ್ ಒಳ್ಳೆಯ ಹುಡುಗ. ಅಪ್ಪನ ಎಡಗೈಗೆಂದು ನಮ್ಮಲ್ಲೇ ಕಪ್ಪು ಕೋಲು ಕೊಂಡ. ಕಂಪ್ಯೂಟರ್ ಒಪ್ಪದ್ದರಿಂದ ಜೋಡಿಯನ್ನೇ ಕೊಂಡ. ದಿಬ್ಬದ ಬುಡದಲ್ಲೇ, ಭಾರ ಬಿದ್ದಾಗ ಮೇಲಿನ ತುಂಡು ಕೆಳಗಿನದರೊಳಗೆ ಜಾರಿ, ಅಬು ಸಾಲಿಹ್ ಎಡಕ್ಕೆ ಬಿದ್ದರು. ಮರಳಾದ್ದರಿಂದ ಏನೂ ಆಗಲಿಲ್ಲ. ಆದರೆ ಸಾಲಿಹ್ ಹೆದರಿಬಿಟ್ಟ. ಅಂಗಡಿಗೆ ಬಂದು ನನ್ನ ಮುಂದೆ ಕುಳಿತು, "ನಾನು ಬೇಡ ಎಂದರೆ ಅಪ್ಪ ಕೇಳುವುದಿಲ್ಲ. ಹಳದಿ ಕೋಲು ಇನ್ನೊಂದು ಸಿಕ್ಕಿದರೆ ಕರೆದುಕೊಂಡು ಹೋಗುತ್ತೇನೆ. ಸಿಗದಿದ್ದರೆ ಈ ಚಳಿಗಾಲದಿಂದ ದಿಬ್ಬ ಇಲ್ಲ, ಗಾಲಿಕುರ್ಚಿಯಲ್ಲಿ ಕೆಳಗೆ ಕೂರಬೇಕು. ಹಾಗೆಂದು ಅವರ ಕೈಯಲ್ಲಿ ಮಾತು ತೆಗೆದುಕೊಂಡಿದ್ದೇನೆ" ಎಂದ.

ಹುಡುಕಿದೆ. ಗೋದಾಮಿನಲ್ಲಿ ಒಂದೂ ಇರಲಿಲ್ಲ. ಹನೀಫನಿಗೆ ಫೋನ್ ಮಾಡಿದೆ. ಒಂದು ಕೋಲು ಗಾಳಿಗೆ ಬಗ್ಗಿತ್ತು, ಇನ್ನೊಂದು ಅದನ್ನು ನೇರ ಮಾಡುವಾಗ ಮುರಿಯಿತು ಎಂದ. ಅದು ಹೇಗೆ ಎಂದು ನಾನು ಕೇಳಲಿಲ್ಲ. ಜಿಜಾನಿನ ಬೆಟ್ಟದವರಿಗೆ ಫೋನ್ ಮಾಡಿದೆ. "ಕೋಲು ಈಗ ನನ್ನ ತಾಯಿಯ ಕೈಯಲ್ಲಿದೆ. ತಾಯಿಯ ಕೈಯಿಂದ ಕೋಲು ಕಿತ್ತವನು ಎಂಬ ಹೆಸರು ನನಗೆ ಬೇಕೇ?" ಎಂದರು. ಬೇಡ ಎಂದೆ. ಫಗಾದವನು ಫೋನೇ ಎತ್ತಲಿಲ್ಲ, ಮಳೆ ಬಿದ್ದಿತ್ತು. ಗುಂಪಿನ ಉಳಿದ ಗೆಳೆಯರಿಗೂ ಆ ಒಂದು ಕೋಲೇ ಆಧಾರ.

ಉಳಿದವರು ಅಬು ಮಾಜಿದ್. ಅದನ್ನು ಹೇಳಲು ಅಬು ಸಾಲಿಹರ ಮನೆಗೆ ಹೋದೆ. ಅವರು ಹಳದಿ ಕೋಲನ್ನು ಮಂಡಿಗಳ ನಡುವೆ ನಿಲ್ಲಿಸಿಕೊಂಡು ಕುಳಿತಿದ್ದರು.

"ಅವನನ್ನು ಕೇಳಬೇಡ."

"ನಿಮ್ಮ ಗೆಳೆಯರಲ್ಲವೇ? ಕೊಡುವುದಿಲ್ಲವೇ?"

"ಕೊಡುತ್ತಾನೆ. ಅದಕ್ಕೇ ಕೇಳಬೇಡ ಎಂದದ್ದು. ಬಾಯಿಬಿಟ್ಟು ಕೇಳಿದರೆ ಅವನು ಇಲ್ಲ ಎನ್ನುವ ಮನುಷ್ಯನಲ್ಲ. ಅವನಿಗೆ ಆ ಕೋಲು ಎಂದರೆ ಏನೆಂದು ನಿನಗೂ ಗೊತ್ತು. ಇಲ್ಲ ಎನ್ನಲು ಬಾರದವನನ್ನು ಕೇಳುವುದು ದರೋಡೆ. ನೀನೂ ಕೇಳುವುದಿಲ್ಲ ಎಂದು ಮಾತು ಕೊಡು."

ಕೊಟ್ಟೆ. ಕಿಟಕಿಯ ಹತ್ತಿರ ಗಾಲಿಕುರ್ಚಿ ಹೊಸ ಪ್ಲಾಸ್ಟಿಕ್ ಹೊದಿಕೆಯೊಂದಿಗೇ ನಿಂತಿತ್ತು. ನನಗೆ ತುಂಬಾ ಬೇಸರವಾಯಿತು. ಮನೆಗೆ ಬರುವವರೆಗೂ ಕಂಪನಿಯವರನ್ನು ಬ್ಯಾರಿಯಲ್ಲಿ ಬೈದೆ.

ಕೆಲವು ದಿನಗಳ ನಂತರ ಅಬು ಮಾಜಿದರೇ ಫೋನ್ ಮಾಡಿದರು. ಮೊನೆ ಸವೆದಿದೆ, ತನ್ನ ಒಂಟೆಗೆ ಹೆರಿಗೆ ಹತ್ತಿರವಾದ್ದರಿಂದ ಡೇರೆ ಬಿಟ್ಟು ಬರಲಾರೆ, ನೀನೇ ಬಾ ಎಂದರು. ಸೋಮವಾರ ಇಳಿಹೊತ್ತಿನ ಅಸರ್ ನಮಾಜಿನ ನಂತರ ಸಾಹೇಬರೂ ನಾನೂ ಅವರ ಕಾರಿನಲ್ಲಿ ಹೋದೆವು. ಹೊಸ ಮೊನೆ, ಇಕ್ಕಳ, ಎರಡು ಬಟ್ಟೆ ನನ್ನ ಚೀಲದಲ್ಲಿದ್ದವು.

ಡೇರೆಯಲ್ಲಿ ಅವರ ಕಡೆಯ ನಾಲ್ಕಾರು ಮಂದಿ ಹಿರಿಯರು ದಿಂಬಿಗೆ ಒರಗಿ ಕುಳಿತಿದ್ದರು. ನಮ್ಮನ್ನು ಅತಿಥಿಗಳ ಜಾಗದಲ್ಲಿ, ಅಬು ಮಾಜಿದರ ಎದುರಿಗೇ ಕೂರಿಸಿದರು. ಇಷ್ಟು ವರ್ಷ ಆ ದೇಶದಲ್ಲಿದ್ದರೂ ನಾನು ಬದು ಡೇರೆಯಲ್ಲಿ ಅತಿಥಿಯಾಗಿ ಕುಳಿತದ್ದು ಅದೇ ಮೊದಲು. ಅಂಗಡಿಯ ಹಿಂದೆ ಹಾಲಿಲ್ಲದ ಸುಲೈಮಾನಿ ಚಹಾ ಕುಡಿದು ಬೆಳೆದವರು ನಾವು. ಅಬು ಮಾಜಿದ್ ಕೋಲನ್ನು ನನ್ನ ತೊಡೆಯ ಮೇಲೆ ಇಟ್ಟರು. ಅವರ ತಮ್ಮ ಹಿಡಿ ಇಲ್ಲದ ಪುಟ್ಟ ಕಪ್ಪಿನಲ್ಲಿ ತಳ ಮುಚ್ಚುವಷ್ಟು ಏಲಕ್ಕಿ ಕಾಫಿ ಸುರಿದು ನನ್ನ ಬಲಗೈಗೆ ಕೊಟ್ಟ. ಎಲ್ಲರೂ ಮಾತಾಡುತ್ತಿದ್ದರು. ಇಕ್ಕಳ ಹಿಡಿಯಲು ಎರಡು ಕೈ ಬೇಕು. ಕೆಲಸ ಮುಗಿಸಿ ಕುಡಿದರಾಯಿತು ಎಂದು ನಾನು ಆ ಕಪ್ಪನ್ನು, ಒಂದು ಗುಟುಕೂ ಕುಡಿಯದೆ, ಅಬು ಮಾಜಿದರ ಮುಂದೆ ಚಾಪೆಯ ಮೇಲೆ ಇಟ್ಟೆ.

ಮಾತು ನಿಂತಿತು. ಕಾಫಿ ಸುರಿಯುತ್ತಿದ್ದವನ ಕೈ ನಿಂತಿತು. ಹೊರಗೆ ಒಂಟೆ ಮೆಲುಕು ಹಾಕುವುದು ಕೇಳುತ್ತಿತ್ತು.

ಸಾಹೇಬರು ತುಟಿ ಅಲ್ಲಾಡಿಸದೆ ಕನ್ನಡದಲ್ಲಿ, "ಎಂತ ಮಾಡಿದ್ರಿ ಮಾರಾಯ್ರೆ!" ಎಂದರು.

"ಎಂತ?"

"ಕುಡೀದೆ ಕಪ್ಪು ಕೆಳಗಿಟ್ರೆ, ನನಗೊಂದು ಆಗ್ಬೇಕಾದ್ದು ಉಂಟು, ಅದು ನಡೆಸಿ ಕೊಡುವವರೆಗೆ ನಿಮ್ಮ ಕಾಫಿ ಮುಟ್ಟೂದಿಲ್ಲ ಅಂತ ಅರ್ಥ. ಇವ್ರಲ್ಲಿ ಕೊಲೆ ಕ್ಷಮಿಸ್ಲಿಕ್ಕೆ, ಹೆಣ್ಣು ಕೇಳ್ಲಿಕ್ಕೆ ಹೀಗೆ ಮಾಡೂದು."

"ನಾನು ಇಕ್ಕಳ ತೆಗೀಲಿಕ್ಕೆ..."

"ಅದನ್ನು ಹೇಳಿದ್ರೆ ತಮಾಷೆ ಮಾಡಿದ ಹಾಗೆ ಆಗ್ತದೆ. ಎಂತಾದ್ರೂ ಕೇಳಿ. ತೀರಾ ಸಣ್ಣದು ಕೇಳ್ಬೇಡಿ, ಅವಮಾನ. ಒಂಟೆ ಕೇಳ್ಬೇಡಿ, ಕೊಟ್ಟುಬಿಡ್ತಾರೆ. ಮಲಾಜಿನಲ್ಲಿ ಕಟ್ಟೂದು ಎಲ್ಲಿ?"

ಅಬು ಮಾಜಿದ್ ನೆಟ್ಟಗೆ ಕುಳಿತರು. ಡ್ರಿಲ್ ಮಾಸ್ತರರ ಬೆನ್ನು ಅದು. "ಕಾಫಿ ಕುಡಿ, ಇಸ್ಮಾಯೀಲ್" ಎಂದರು, "ನಿನ್ನ ಕೆಲಸ ಆಯಿತು ಎಂದೇ ತಿಳಿ. ಈಗ ಹೇಳು. ಇಕಾಮಾದ ತೊಂದರೆಯೇ? ಇಲ್ಲಿರುವ ಪರವಾನಗಿ ಮುಗಿಯಿತೇ? ಯಾರಾದರೂ ಕೈ ಮಾಡಿದರೇ?"

ನನ್ನ ತೊಡೆಯ ಮೇಲೆ ಆ ಕೋಲು ಇತ್ತು. ಬಾಯಿ ತೆರೆದರೆ ಸಾಕು, ಅದು ನನ್ನದು. ಕುಳಿತವರೆಲ್ಲ ಸಾಕ್ಷಿ. ಸಾಹೇಬರೂ ಕೋಲನ್ನೇ ನೋಡಿದರು, ನನ್ನನ್ನು ನೋಡಿದರು, ಹುಬ್ಬು ಏರಿಸಿದರು. ಅಬು ಸಾಲಿಹರಿಗೆ ಕೊಟ್ಟ ಮಾತು ಅವರಿಗೆ ಗೊತ್ತಿರಲಿಲ್ಲ. ಕೇಳಿದರೆ ಒಬ್ಬರಿಗೆ ಕೊಟ್ಟ ಮಾತು ಹೋಯಿತು, ಕೇಳದಿದ್ದರೆ ಇನ್ನೊಬ್ಬರ ಮರ್ಯಾದೆ ಹೋಯಿತು.

ಯಾಕೆ ಹಾಗೆ ಹೇಳಿದೆ ಎಂದು ಈಗಲೂ ನನಗೆ ತಿಳಿಯದು. "ಬರುವ ಶುಕ್ರವಾರ ಬೆಳಿಗ್ಗೆ ನೀವು ದಿಬ್ಬದ ಹತ್ತಿರ ಬರಬೇಕು. ಅಬು ಸಾಲಿಹರ ಎಡಗಡೆ ನಡೆಯಬೇಕು" ಎಂದೆ.

ಕುಳಿತವರು ಒಬ್ಬರ ಮುಖ ಒಬ್ಬರು ನೋಡಿದರು. ಹೆಣ್ಣೂ ಅಲ್ಲ, ಕೊಲೆಯೂ ಅಲ್ಲ.

"ಅಷ್ಟೇ?" ಎಂದರು ಅಬು ಮಾಜಿದ್.

"ಅಷ್ಟೇ."

"ಎಡಗಡೆ ಯಾಕೆ?"

ಮಂಡಿಯ ಆಪರೇಷನ್ ಹೇಳಿದೆ. ವೈದ್ಯರ ಮಾತು ಹೇಳಿದೆ. ಕಪ್ಪು ಕೋಲು ಜಾರಿದ್ದು, ಬಿದ್ದದ್ದು, ಮಗನಿಗೆ ಕೊಟ್ಟ ಮಾತು, ಗಾಲಿಕುರ್ಚಿ, ಎಲ್ಲ ಹೇಳಿದೆ. ಹಳದಿ ಕೋಲಿನ ಹೆಸರೆತ್ತಲಿಲ್ಲ. ಎತ್ತುವ ಅಗತ್ಯವೂ ಇರಲಿಲ್ಲ. ಅವರು ನನ್ನ ತೊಡೆಯ ಮೇಲಿದ್ದ ಕೋಲನ್ನು ನೋಡಿದರು.

"ಅವನಿಗೆ ಎರಡನೆಯದು ಬೇಕಿತ್ತು" ಎಂದರು. "ನನ್ನ ಹತ್ತಿರ ಇದೆ ಎಂದು ಅವನಿಗೆ ಗೊತ್ತಿತ್ತು. ನನ್ನನ್ನು ಕೇಳಲಿಲ್ಲ."

ನಾನು ತಣ್ಣಗಾಗಿದ್ದ ಕಾಫಿ ಕುಡಿದೆ. ಮೊನೆ ಹಾಕಿದೆ. ಅವರು ಬಟ್ಟೆಯ ಬಗ್ಗೆ ಏನೂ ಹೇಳಲಿಲ್ಲ.

ಶುಕ್ರವಾರ ಸಾಹೇಬರೂ ನಾನೂ ದಿಬ್ಬಕ್ಕೆ ಹೋದೆವು. ಗುಂಪಿನ ಇತರರು ಆಗಲೇ ಅರ್ಧ ಏರಿದ್ದರು. ಸಾಲಿಹ್ ಕಾರಿನ ಡಿಕ್ಕಿಯಿಂದ ಗಾಲಿಕುರ್ಚಿ ಇಳಿಸಿ ಬಿಡಿಸಿ ಇಟ್ಟಿದ್ದ. ಅದರ ಗಾಲಿಗಳು ಮರಳಿನಲ್ಲಿ ಅರ್ಧಕ್ಕೆ ಇಳಿದಿದ್ದವು. ಅಬು ಸಾಲಿಹ್ ಅದಕ್ಕೆ ಬೆನ್ನು ಹಾಕಿ, ಬಲಗೈಯಲ್ಲಿ ತಮ್ಮ ಕೋಲು, ಎಡಗೈಯಲ್ಲಿ ಮಗನ ತೋಳು ಹಿಡಿದು ನಿಂತಿದ್ದರು. ಅಬು ಮಾಜಿದರ ಪಿಕಪ್ ಬಂತು. ಅವರು ಇಳಿದರು, ಅವರ ಕೋಲೂ ಇಳಿಯಿತು. ಅಬು ಸಾಲಿಹ್ ನನ್ನ ಕಡೆ ತಿರುಗಿದರು. ಆ ನೋಟ ನೆನೆಸಿಕೊಂಡರೆ ಈಗಲೂ ಮೈ ಬಿಸಿಯಾಗುತ್ತದೆ.

"ಕೋಲು ಕೇಳಿದೆಯಾ?"

"ಇಲ್ಲ, ವಲ್ಲಾಹಿ, ದೇವರಾಣೆ."

"ಅವನು ಕೇಳಿದ್ದು ಕೋಲನ್ನಲ್ಲ, ನನ್ನನ್ನು" ಎಂದರು ಅಬು ಮಾಜಿದ್. "ಕೋಲು ನನ್ನ ಜೊತೆ ಬಂತು" ಎಂದು ಹಳದಿ ಕೋಲನ್ನು ಮುಂದೆ ಚಾಚಿದರು. "ಹಿಡಿ."

"ಇಟ್ಟುಕೋ. ನಿನಗೆ ಬೇಕು."

"ನನಗೆ ಯಾಕೆ ಬೇಕು? ನಾನು ಡ್ರಿಲ್ ಮಾಸ್ತರ."

"ಹಾಗಾದರೆ ಅದಿಲ್ಲದೆ ಕಾರಿನವರೆಗೆ ನಡೆದು ತೋರಿಸು."

ಅಬು ಮಾಜಿದ್ ಕೋಲನ್ನು ಮರಳಿನಲ್ಲಿ ಊರಿ ಬಿಟ್ಟು, ಎರಡು ಹೆಜ್ಜೆ ಹಾಕಿದರು. ಮೂರನೆಯದಕ್ಕೆ ಸೊಂಟ ಹಿಡಿದುಕೊಂಡರು. ನಮಗೆ ಯಾರಿಗೂ ಗೊತ್ತಿರಲಿಲ್ಲ. ಒಂಟೆಗಳಿಗೆ ಮಾತ್ರ ಗೊತ್ತಿತ್ತೇನೋ. ಇಷ್ಟು ದಿನ ಗುಂಪಿಗೆ ಬಾರದೆ ಇದ್ದದ್ದು ಒಂಟೆ ಹೆಚ್ಚಾದದ್ದಕ್ಕೆ ಮಾತ್ರ ಅಲ್ಲ ಎಂದು ಅಬು ಸಾಲಿಹರಿಗೆ ಆಗ ಅರ್ಥವಾಯಿತು. "ನೀನೂ ನನಗೆ ಹೇಳಲಿಲ್ಲ" ಎಂದರು. ಅವರು ಮಗನ ತೋಳು ಬಿಟ್ಟು ಎಡಗೈ ಚಾಚಿದರು. ಅಬು ಮಾಜಿದ್ ಕೋಲನ್ನು ಎಡಗೈಯಲ್ಲಿ ಎತ್ತಿಕೊಂಡು, ಬಲಗೈಯನ್ನು ಅವರ ತೋಳಿನೊಳಗೆ ತೂರಿಸಿ ಭದ್ರ ಮಾಡಿದರು. ಆ ಕಡೆಗೊಂದು ಹಳದಿ ಕೋಲು, ಈ ಕಡೆಗೊಂದು ಹಳದಿ ಕೋಲು, ನಡುವೆ ಇಬ್ಬರು ಮುದುಕರು. ಏರಲು ಶುರುಮಾಡಿದರು.

ನಿಧಾನವಾಗಿತ್ತು. ಒಬ್ಬರು ನಿಂತರೆ ಇನ್ನೊಬ್ಬರೂ ನಿಲ್ಲಲೇಬೇಕಿತ್ತು. ನಿಂತಾಗಲೆಲ್ಲ ಜಗಳವಾಡುವುದು ಕೇಳುತ್ತಿತ್ತು. ಎಡಗಾಲು ಮೊದಲು ಎಂದು ಡ್ರಿಲ್ ಮಾಸ್ತರರು, ದಿಕ್ಕು ತಪ್ಪಿದೆ ಎಂದು ಭೂಗೋಳದವರು. ಸಾಲಿಹ್ ಎರಡು ಸಲ ಓಡಲು ಹೊರಟ, ಎರಡು ಸಲವೂ ಮೇಲಿನಿಂದ ಬೈಗುಳ ಬಂತು. ನನಗೆ ಅಳು ಬಂತು, ಅತ್ತೆ. ಮುಹಿದ್ದೀನ್ ಸಾಹೇಬರು ನಿಂತು ನಿಂತು ಸುಸ್ತಾಗಿ, ಖಾಲಿ ಇದ್ದ ಗಾಲಿಕುರ್ಚಿಯಲ್ಲಿ ಕುಳಿತು, ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಂಡು, "ಜೋಡಿ ಒಡೀಬಾರ್ದು ಅಂತ ನಾನು ಆವತ್ತೇ ಹೇಳ್ಲಿಲ್ವಾ" ಎಂದರು.

ಬಿಸಿಲು ಏರುವ ಹೊತ್ತಿಗೆ ಅವರಿಬ್ಬರೂ ಮೇಲೆ ತಲುಪಿದರು. ಕೂರಬೇಕಾದರೆ ಯಾರಾದರೊಬ್ಬರು ಮೊದಲು ತೋಳು ಬಿಡಬೇಕು. ಯಾರೂ ಬಿಡಲಿಲ್ಲ. ನಮ್ಮ ಕಡೆ ತಿರುಗಿ, ಹಾಗೇ ನಿಂತರು.

ಸಾಲಿಹ್ ಅವರನ್ನು ನೋಡಿದ. ಆಮೇಲೆ ಮುಹಿದ್ದೀನ್ ಸಾಹೇಬರ ಹತ್ತಿರ ಬಂದು, ದಯವಿಟ್ಟು ಸ್ವಲ್ಪ ಏಳುತ್ತೀರಾ ಎಂದು ವಿನಯದಿಂದ ಕೇಳಿ, ಕುರ್ಚಿಯನ್ನು ಮರಳಿನಿಂದ ಕಿತ್ತು, ಮಡಚಿ, ಕಾರಿನ ಡಿಕ್ಕಿಗೆ ಹಾಕಿ ಮುಚ್ಚಿದ.